ಕಾರಣ ಬರೆಯದ ಪ್ಯಾಚ್ ಅರ್ಧ ಕೆಲಸ

ತಂಗೀ,

"ಕೋಡ್ ಬರೋಬರಿ ಐತಿ ಅಂತಾರ ಕಾಕಾ, ಆದ್ರೂ ಕಮಿಟ್ ಮೆಸೇಜ್ ತಿದ್ದಿ ಕಳಿಸು ಅಂತಾರ. ಕೆಲಸ ದೊಡ್ಡದೋ, ಅದರ ತಲಿ ಮ್ಯಾಲಿನ ನಾಕು ಸಾಲು ದೊಡ್ಡವೋ?" ಎಂದು ಫೋನಿನಲ್ಲಿ ಕೇಳಿದೆಯಲ್ಲ, ಆ ಪ್ರಶ್ನೆಗೆ ಅವಸರದ ಉತ್ತರ ಕೊಡಲು ಮನಸ್ಸಾಗಲಿಲ್ಲ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಕಡೆಯಿಂದ ಹೊರಟು ಇದೇ ಕೆಲಸಕ್ಕೆ ಕೈಹಾಕುತ್ತಿರುವ ನಿನ್ನ ಓರಗೆಯವರು ಈಗ ಸಾಕಷ್ಟಿದ್ದಾರೆ. ಅವರಿಗೂ ಬೇಕಾದೀತೆಂದು ಬರೆದೇ ಹೇಳುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಪ್ಯಾಚ್ ವಾಪಸು ಕಳಿಸಿದವರು ಸರಿಯಾಗಿಯೇ ಮಾಡಿದ್ದಾರೆ. ಆ ನಾಲ್ಕು ಸಾಲೂ ಕೆಲಸದ್ದೇ ಭಾಗ. ಕರ್ನಲ್ ಡ್ರೈವರ್ ವಿಷಯದಲ್ಲಂತೂ ಅದು ಕೋಡಿನಷ್ಟೇ ಭಾರವಾದ ಭಾಗ.

ಈ ಕೆಲಸದ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್, ಮನೆಯ ವೈ-ಫೈ ಡಬ್ಬಿ, ದೊಡ್ಡ ಕಂಪನಿಗಳ ಸರ್ವರ್, ಇವುಗಳಲ್ಲಿ ಬಹುಪಾಲಿನ ಒಳಗೆ ಲಿನಕ್ಸ್ ಎಂಬ ಕರ್ನಲ್ ಇದೆ. ಕ್ಯಾಮೆರಾ, ಟಚ್‌ಸ್ಕ್ರೀನ್, ಸೆನ್ಸರ್, ಬ್ಯಾಟರಿಯ ಚಿಪ್ ಇಂಥ ಒಂದೊಂದು ಬಿಡಿಭಾಗವನ್ನು ಮಾತಾಡಿಸುವ ಕೋಡಿಗೆ ಡ್ರೈವರ್ ಎನ್ನುತ್ತಾರೆ. ಅದರಲ್ಲಿ ಯಾರಾದರೂ ಒಂದು ಬದಲಾವಣೆ ಮಾಡಿದರೆ ಅದು ಪ್ಯಾಚ್. ಬದಲಾವಣೆ ಏತಕ್ಕೆ ಎಂದು ಅದರ ಜೊತೆಗೆ ಬರೆದು ಕಳಿಸುವ ಬರಹ ಕಮಿಟ್ ಮೆಸೇಜ್. ಆ ಭಾಗದ ಹೊಣೆ ಹೊತ್ತ ಮೇಂಟೇನರ್ ಎರಡನ್ನೂ ಓದಿ ಒಪ್ಪಿದರೆ ಮಾತ್ರ ಅದು ಒಂದು ಕಮಿಟ್ ಆಗಿ ಒಳಗೆ ಸೇರುತ್ತದೆ. ಹಳಿಯಾಳದಲ್ಲಿ 2004ರಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾದ ಮೇಲೆ ನಮ್ಮ ಮಕ್ಕಳಿಗೆ ಈ ವಿದ್ಯೆಯ ಬಾಗಿಲು ಮನೆಯ ಹತ್ತಿರವೇ ತೆರೆಯಿತು. ಕೋಡ್ ಬರೆಯುವುದನ್ನು ಕಾಲೇಜು ಕಲಿಸುತ್ತದೆ. ಬದಲಾವಣೆಯ ಕಾರಣವನ್ನು ಬರೆಯಲು ಎಲ್ಲೂ ಕಲಿಸುವುದಿಲ್ಲ.

ದಾಂಡೇಲಿಯಲ್ಲಿ ಬೆಳೆದವರಿಗೆ ಶಿಫ್ಟ್ ಅಂದರೆ ಏನೆಂದು ಹೇಳಬೇಕಾಗಿಲ್ಲ. 1950ರ ದಶಕದಲ್ಲಿ ಇಲ್ಲಿ ಪೇಪರ್ ಮಿಲ್ ಬಂದಾಗಿನಿಂದ ಈ ಊರಿನ ಎಷ್ಟೋ ಮನೆಗಳಲ್ಲಿ ಊಟ, ನಿದ್ದೆ ಎಲ್ಲವೂ ಶಿಫ್ಟಿನ ಲೆಕ್ಕದಲ್ಲೇ ನಡೆದಿದೆ. ಯಾವ ಕಾರ್ಖಾನೆಯಲ್ಲಾಗಲಿ, ಗಣೇಶಗುಡಿ, ಅಂಬಿಕಾನಗರದಂಥ ಕಡೆಯ ವಿದ್ಯುದಾಗಾರದಲ್ಲಾಗಲಿ, ಶಿಫ್ಟ್ ಮುಗಿಸಿ ಹೋಗುವವನು ಲಾಗ್ ಬುಕ್ಕಿನಲ್ಲಿ ಬರೆದಿಟ್ಟು ಹೋಗಬೇಕು. "ಪಂಪ್ ಸರಿ ಮಾಡಿದೆ" ಎಂದು ಬರೆಯುವವನೊಬ್ಬ. "ಬೇರಿಂಗ್ ಕಾದು ಶಬ್ದ ಬರುತ್ತಿತ್ತು, ಗ್ರೀಸ್ ಹಾಕಿದೆ, ಹೊಸ ಬೇರಿಂಗ್ ಸ್ಟೋರಿನಲ್ಲಿ ಇಲ್ಲದ್ದರಿಂದ ಬದಲಿಸಿಲ್ಲ" ಎಂದು ಬರೆಯುವವನು ಇನ್ನೊಬ್ಬ. ಇಬ್ಬರೂ ಮಾಡಿದ ಕೆಲಸ ಒಂದೇ. ಆದರೆ ನಡುರಾತ್ರಿ ಅದೇ ಪಂಪ್ ಮತ್ತೆ ಕೂಗಿದಾಗ ಮೊದಲನೆಯವನ ಬರಹ ಓದಿದವನಿಗೆ ಏನೂ ದಕ್ಕುವುದಿಲ್ಲ. ಎರಡನೆಯದನ್ನು ಓದಿದವನು ನೇರವಾಗಿ ಬೇರಿಂಗಿಗೇ ಕೈಹಾಕುತ್ತಾನೆ. ಕಮಿಟ್ ಮೆಸೇಜ್ ಅಂಥ ಲಾಗ್ ಬುಕ್. ಮುಂದಿನ ಶಿಫ್ಟಿನವನು ಮಾತ್ರ ನಾಳೆ ಬೆಳಗ್ಗೆ ಬರುವುದಿಲ್ಲ, ಹತ್ತು ವರ್ಷದ ಮೇಲೆ ಬೇರೆ ದೇಶದಲ್ಲಿ ಕುಳಿತು ಓದುತ್ತಾನೆ. ಆಗ ನಿನ್ನ ಮೇಲ್ ಐಡಿ ಸತ್ತಿರಬಹುದು, ನೀನು ಬೇರೆ ಕಂಪನಿಯಲ್ಲಿರಬಹುದು.

ಡ್ರೈವರ್‌ಗೆ ಇದು ಹೆಚ್ಚು ಅನ್ವಯಿಸುತ್ತದೆ ಅಂದೆನಲ್ಲ, ಅದಕ್ಕೊಂದು ಗಟ್ಟಿ ಕಾರಣವಿದೆ. ಕರ್ನಲ್‌ನ ಬೇರೆ ಭಾಗಗಳ ಕೋಡನ್ನು ಬಹಳ ಮಟ್ಟಿಗೆ ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ ನೋಡಬಹುದು. ಡ್ರೈವರ್ ಹಾಗಲ್ಲ. ಆ ಬೋರ್ಡ್ ಇರುವುದು ನಿನ್ನ ಮೇಜಿನ ಮೇಲೆ. ಆಸಿಲೋಸ್ಕೋಪಿನ ಪರದೆಯಲ್ಲಿ ಮೂಡಿದ ಗೆರೆ ಕಂಡದ್ದು ನಿನ್ನ ಕಣ್ಣಿಗೆ. ಚಿಪ್ ತಯಾರಿಸಿದವರ ಡೇಟಾಶೀಟ್ ನಿನ್ನ ಕಂಪನಿಗೆ ಮಾತ್ರ ಗುಟ್ಟಾಗಿ ಸಿಕ್ಕಿರಲೂಬಹುದು. ರಿವ್ಯೂ ಮಾಡುವವರ ಬಳಿ ಇವು ಯಾವುವೂ ಇಲ್ಲ. ಯಾವ ಸಾಲು ಹೋಯಿತು, ಯಾವ ಸಾಲು ಬಂತು ಎಂಬುದು ಡಿಫ್‌ನಲ್ಲಿ ಅವರಿಗೆ ಕಾಣುತ್ತದೆ. ನೀನು ಕಂಡದ್ದು ಏನು ಎಂಬುದು ನೀನಾಗಿ ಹೇಳಿದರೆ ಮಾತ್ರ ತಿಳಿಯುತ್ತದೆ.

ಒಂದು ಉದಾಹರಣೆ ಕಟ್ಟಿಕೊಡುತ್ತೇನೆ. ಕಾಳಿ ನದಿಯ ದಡದಲ್ಲೆಲ್ಲೋ, ಜೋಯಿಡಾದ ಕಾಡಿನೊಳಗೆ, ನೀರಿನ ಮಟ್ಟ ಅಳೆಯುವ ಸೆನ್ಸರ್ ಇರುವ ಒಂದು ಪುಟ್ಟ ಪೆಟ್ಟಿಗೆ ಇಟ್ಟಿದ್ದಾರೆ ಎಂದುಕೊ. ಬ್ಯಾಟರಿ, ಮೇಲೊಂದು ಸೋಲಾರ್ ಪ್ಲೇಟ್. ಗಂಟೆಗೊಮ್ಮೆ ಎದ್ದು ಅಳತೆ ತೆಗೆದು ಮತ್ತೆ ನಿದ್ದೆಗೆ ಜಾರಬೇಕು. ಆದರೆ ಮಳೆಗಾಲದಲ್ಲಿ ಬ್ಯಾಟರಿ ಲೆಕ್ಕಕ್ಕಿಂತ ಬೇಗ ಬರಿದಾಗುತ್ತಿದೆ. ನೀನು ಹುಡುಕಿದೆ, ತಪ್ಪು ಸಿಕ್ಕಿತು. ಡ್ರೈವರ್‌ನ ಪ್ರೋಬ್ ಫಂಕ್ಷನ್ (ಸಾಧನವನ್ನು ಕೆಲಸಕ್ಕೆ ಸಿದ್ಧಗೊಳಿಸುವ ಭಾಗ) ಮೊದಲು ಸೆನ್ಸರಿನ ಪವರ್ ಸಪ್ಲೈ ಆನ್ ಮಾಡುತ್ತದೆ, ಆಮೇಲೆ ರಿಸೆಟ್ ಮಾಡಲು ಬೇಕಾದ ಜಿಪಿಐಒ ಪಿನ್ ಕೇಳುತ್ತದೆ. ಬೂಟ್ ಆಗುವಾಗ ಆ ಪಿನ್ ಕೊಡಬೇಕಾದ ಡ್ರೈವರ್ ಇನ್ನೂ ಬಂದಿರುವುದಿಲ್ಲ. ಆಗ "ಈಗಲ್ಲ, ಆಮೇಲೆ ಮತ್ತೆ ಪ್ರಯತ್ನಿಸು" ಎಂಬ ಪ್ರೋಬ್ ಡಿಫರ್ ಉತ್ತರ ಬಂದು ಫಂಕ್ಷನ್ ಅರ್ಧದಿಂದಲೇ ಹೊರಬೀಳುತ್ತದೆ. ಆನ್ ಮಾಡಿದ ಸಪ್ಲೈಯನ್ನು ಆಫ್ ಮಾಡದೆ ಹೊರಬೀಳುತ್ತದೆ! ಎರಡನೆಯ ಸಲ ಪ್ರೋಬ್ ಆದಾಗ ಸಪ್ಲೈ ಮತ್ತೊಮ್ಮೆ ಆನ್. ನಿದ್ದೆಗೆ ಹೋಗುವಾಗ ಡ್ರೈವರ್ ಒಂದೇ ಸಲ ಆಫ್ ಹೇಳುತ್ತದೆ. ಎರಡು ಸಲ ಹಚ್ಚಿದ್ದನ್ನು ಒಂದು ಸಲ ಆರಿಸಿದರೆ ಸಪ್ಲೈ ನಿಯಂತ್ರಿಸುವ ರೆಗ್ಯುಲೇಟರಿನ ಲೆಕ್ಕದಲ್ಲಿ ಇನ್ನೂ ಒಬ್ಬರಿಗೆ ಸಪ್ಲೈ ಬೇಕಾಗಿದೆ ಎಂದಾಗುತ್ತದೆ. ಹೀಗಾಗಿ ಸೆನ್ಸರ್ ರಾತ್ರಿಯಿಡೀ ಎಚ್ಚರವಾಗಿಯೇ ಇರುತ್ತದೆ.

ಈಗ ಇದರ ಕಮಿಟ್ ಮೆಸೇಜ್ ಹೇಗಿರಬೇಕು? ಬಹಳ ಜನ ಬರೆಯುವುದು ಹೀಗೆ: "ಪ್ರೋಬ್‌ನಲ್ಲಿ ಎರರ್ ಹ್ಯಾಂಡ್ಲಿಂಗ್ ಸರಿಪಡಿಸಲಾಗಿದೆ. ಎರರ್ ಬಂದಾಗ ರೆಗ್ಯುಲೇಟರ್ ಡಿಸೇಬಲ್ ಮಾಡುವ ಕೋಡ್ ಸೇರಿಸಲಾಗಿದೆ." ಇದರಲ್ಲಿ ಸುಳ್ಳು ಇಲ್ಲ. ಆದರೆ ಇದಿಷ್ಟೂ ಡಿಫ್ ನೋಡಿದವರಿಗೆ ಮೊದಲೇ ಗೊತ್ತು. ನಿನ್ನಿಂದ ಅವರಿಗೆ ಬೇಕಾದ ಮಾತು ಬೇರೆ. ಅದು ಹೀಗಿರಬೇಕು:

"ಪ್ರೋಬ್ ಫಂಕ್ಷನ್ ಸಪ್ಲೈ ಆನ್ ಮಾಡಿದ ಮೇಲೆ ರಿಸೆಟ್ ಪಿನ್ ಕೇಳುತ್ತದೆ. ಪಿನ್ ಕೊಡುವ ಡ್ರೈವರ್ ಇನ್ನೂ ಬಂದಿಲ್ಲದಿದ್ದರೆ ಸಪ್ಲೈ ಆಫ್ ಮಾಡದೆ ಹಿಂತಿರುಗುತ್ತದೆ. ಮುಂದಿನ ಪ್ರೋಬ್ ಅದನ್ನು ಮತ್ತೆ ಆನ್ ಮಾಡುವುದರಿಂದ ಸಸ್ಪೆಂಡ್ ಆದಾಗ ಸಪ್ಲೈ ಆರುವುದಿಲ್ಲ, ಬ್ಯಾಟರಿಯಲ್ಲಿ ಓಡುವ ಬೋರ್ಡಿನಲ್ಲಿ ನಿದ್ದೆಯ ಹೊತ್ತಿನಲ್ಲೂ ಸೆನ್ಸರ್ ಕರೆಂಟ್ ಎಳೆಯುತ್ತದೆ. ಬೂಟ್ ಹೊತ್ತಿನಲ್ಲಿ ಕರ್ನಲ್ ಲಾಗ್‌ನಲ್ಲಿ ರೆಗ್ಯುಲೇಟರ್ ಬಗ್ಗೆ ಎಚ್ಚರಿಕೆಯೂ ಬರುತ್ತದೆ. ವಿಫಲವಾಗುವ ಪ್ರತಿ ದಾರಿಯಲ್ಲೂ ಸಪ್ಲೈ ಆಫ್ ಮಾಡು. ಪಿನ್ ಮೊದಲು ಕೇಳುವಂತೆ ಕ್ರಮ ಬದಲಿಸಿದರೆ ಈ ಒಂದು ದಾರಿ ಸರಿಹೋಗುತ್ತದೆ, ಆದರೆ ಮುಂದೆ ಇಂಟರಪ್ಟ್ ಕೇಳುವುದು ವಿಫಲವಾದಾಗ ಅದೇ ತಪ್ಪು ಉಳಿಯುತ್ತದೆ."

ಇಂಗ್ಲಿಷಿನಲ್ಲಿ ಇದು ಒಂದು ಪುಟ್ಟ ಪ್ಯಾರಾ. ಓದುವವರು ಇದರಲ್ಲಿ ಏನೇನು ಪಡೆದರು ನೋಡು. ಈಗ ಕೋಡ್ ಏನು ಮಾಡುತ್ತಿದೆ, ಅದರಿಂದ ಬಳಸುವವರಿಗೆ ಏನು ತೊಂದರೆ, ಆ ತೊಂದರೆ ಯಾವ ಲಕ್ಷಣದಿಂದ ಗುರುತು ಸಿಗುತ್ತದೆ, ನೀನು ಏನು ಮಾಡುತ್ತಿದ್ದೀಯ. ಕೊನೆಯ ವಾಕ್ಯ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ಹೊಳೆದಿದ್ದರೂ ಬಿಟ್ಟ ದಾರಿ ಯಾವುದು, ಏಕೆ ಬಿಟ್ಟೆ. ರಿವ್ಯೂ ಮಾಡುವವರು "ಕ್ರಮ ಬದಲಿಸಿದರೆ ಸಾಕಲ್ಲ?" ಎಂದು ಖಂಡಿತ ಕೇಳುತ್ತಾರೆ. ಉತ್ತರ ಮೊದಲೇ ಇದ್ದರೆ ಒಂದು ಸುತ್ತಿನ ಓಡಾಟ ಉಳಿಯುತ್ತದೆ. ಬೇರೆ ಬೇರೆ ದೇಶದ ಹಗಲು ರಾತ್ರಿಗಳ ನಡುವೆ ಒಂದು ಸುತ್ತು ಎಂದರೆ ಕೆಲವೊಮ್ಮೆ ಒಂದು ವಾರ.

ಇನ್ನೊಂದು ಮಾದರಿಯನ್ನೂ ಹೇಳಲೇಬೇಕು, ಏಕೆಂದರೆ ಡ್ರೈವರ್‌ಗಳಲ್ಲಿ ಇದು ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಪವರ್ ಆನ್ ಆದ ಮೇಲೆ 20 ಮಿಲಿಸೆಕೆಂಡ್ ಕಾಯುವ ಒಂದು ಸಾಲು ಸೇರಿಸುತ್ತೀಯ. ಚಿಪ್ ಮಾತಾಡಲು ಶುರುಮಾಡುತ್ತದೆ, ನಿನ್ನ ಕೆಲಸ ಆಯಿತು. ಮೆಸೇಜ್: "ಡಿಲೇ ಸೇರಿಸು." ಕೆಲವು ವರ್ಷಗಳ ನಂತರ ಬೂಟ್ ಬೇಗ ಆಗಲಿ ಎಂದು ಹೊರಟ ಇನ್ನೊಬ್ಬ ಈ ಸಾಲಿಗೆ ಬಂದು ನಿಲ್ಲುತ್ತಾನೆ. ಇದು ಡೇಟಾಶೀಟಿನ ನಿಯಮವೋ, ಒಂದು ಬೋರ್ಡಿನ ತೊಂದರೆಯೋ, ಅಂದಾಜಿನ ಸಂಖ್ಯೆಯೋ ಅವನಿಗೆ ತಿಳಿಯದು. ತೆಗೆದರೆ ಎಲ್ಲೋ ಯಾರದೋ ಸೆನ್ಸರ್ ಸಾಯಬಹುದು. ಬಿಟ್ಟರೆ ಲಕ್ಷಾಂತರ ಸಾಧನಗಳು ಪ್ರತಿ ಬೂಟಿನಲ್ಲೂ ಸುಮ್ಮನೆ ಕಾಯುತ್ತವೆ. ನೀನು ಆ ದಿನ "ಡೇಟಾಶೀಟಿನಲ್ಲಿ 5 ಮಿಲಿಸೆಕೆಂಡ್ ಎಂದಿದೆ, ಆದರೆ ನಮ್ಮ ಬೋರ್ಡಿನಲ್ಲಿ ಸಪ್ಲೈ ನಿಧಾನವಾಗಿ ಏರುತ್ತದೆ, ಅಳೆದಾಗ 14 ಬಂತು, ಉಳಿದದ್ದು ಮುಂಜಾಗ್ರತೆ" ಎಂದು ಬರೆದಿದ್ದರೆ ಅವನ ಪ್ರಶ್ನೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಅಷ್ಟೇ ಅಲ್ಲ, ಅದು ಬೋರ್ಡಿನ ಗುಣ, ಚಿಪ್ಪಿನದಲ್ಲ, ಡ್ರೈವರ್‌ನಲ್ಲಿ ಇರಬಾರದು, ಬೋರ್ಡಿನ ವಿವರಣೆಯಲ್ಲಿ ಇರಬೇಕು ಎಂದು ರಿವ್ಯೂ ಮಾಡುವವರು ಆಗಲೇ ಹೇಳುತ್ತಿದ್ದರು. ಕಾರಣ ಬರೆಯಲು ಕೂತಾಗ ಕೋಡೇ ಬದಲಾಗುವುದುಂಟು. ಸ್ಪಷ್ಟ ಮೆಸೇಜಿನ ದೊಡ್ಡ ಲಾಭ ಇದೇ ಎಂದು ನನ್ನ ಎಣಿಕೆ.

ಕಾರಣ ಕಳೆದುಹೋದರೆ ಏನಾಗುತ್ತದೆಂದು ಕರ್ನಲ್‌ನ ಚರಿತ್ರೆಯಲ್ಲೇ ನೋಡಬಹುದು. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರುಮಾಡಿದರು, ಬದಲಾವಣೆಗಳ ಚರಿತ್ರೆ ಕಾಪಿಡುವ ಗಿಟ್ ಬರೆದದ್ದು 2005ರ ಏಪ್ರಿಲ್‌ನಲ್ಲಿ. ಈಗ ನಾವು ಬಳಸುವ ಚರಿತ್ರೆಯ ಮೊದಲ ಕಮಿಟ್ ಕರ್ನಲ್ 2.6.12ರ ಎರಡನೆಯ ಪರೀಕ್ಷಾ ಆವೃತ್ತಿ, ಅಂದರೆ ಎರಡನೆಯ ಆರ್‌ಸಿ. ಹಳೆಯ ಇತಿಹಾಸವನ್ನೆಲ್ಲ ತರದೆ, ಆ ದಿನ ಇದ್ದ ಇಡೀ ಕೋಡನ್ನು ಒಂದೇ ಕಮಿಟ್ ಆಗಿ ಸುರಿದರು. ಹಳೆಯ ಡ್ರೈವರ್ ಒಂದರ ಸಾಲು ಯಾವ ಕಮಿಟ್‌ನಿಂದ ಬಂತೆಂದು ಗಿಟ್ ಬ್ಲೇಮ್ ಹಾಕಿ ನೋಡು, ಎಷ್ಟೋ ಸಲ ಆ ಮೊದಲ ಕಮಿಟ್‌ಗೇ ಹೋಗಿ ಮುಟ್ಟುತ್ತದೆ. ಅದರಾಚೆಗೆ ಗೋಡೆ. ಈ ಸಾಲು ಏಕೆ ಬಂತು, ಯಾವ ಯಂತ್ರಕ್ಕಾಗಿ ಬಂತು ಎಂದು ಅಲ್ಲಿ ಬರೆದಿಲ್ಲ. ಇಂದಿಗೂ ಯಾರಾದರೂ ಅಷ್ಟು ಹಳೆಯ ತಪ್ಪು ಸರಿಪಡಿಸಿದರೆ "ಫಿಕ್ಸಸ್" ಎಂಬ ಸಾಲಿನಲ್ಲಿ ಆ ಮೊದಲ ಕಮಿಟ್‌ನ ಗುರುತೇ ಹಾಕುತ್ತಾರೆ, ಬೇರೆ ಗುರುತು ಸಿಗದ ಕಾರಣ. ಆಗ ಬೇರೆ ದಾರಿ ಇರಲಿಲ್ಲ, ಸರಿ. ನಾವು ಇಂದು "ಫಿಕ್ಸ್ ಬಗ್" ಎಂದು ಬರೆದರೆ ಅಂಥದೇ ಗೋಡೆಯನ್ನು ಬೇಕೆಂದೇ ಕಟ್ಟಿದಂತೆ.

ನಿನ್ನ ಮೆಸೇಜನ್ನು ಓದುವವರು ಯಾರು ಯಾರು ಎಂದು ತಿಳಿದರೆ ನೀನು ಅದನ್ನು ಹಗುರವಾಗಿ ಕಾಣಲಾರೆ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಕರ್ನಲ್ ಬರುತ್ತದೆ, ಪ್ರತಿ ಸಲವೂ 10,000ಕ್ಕೂ ಹೆಚ್ಚು ಕಮಿಟ್‌ಗಳು. ಹೊಸದು ಹಾಕಿದ ಮೇಲೆ ಯಾರದೋ ಟಚ್‌ಪ್ಯಾಡ್ ಸತ್ತಿತು ಎಂದುಕೊ. ಅವರು ಗಿಟ್ ಬೈಸೆಕ್ಟ್ ಹಾಕಿ, ಅರ್ಧ ಅರ್ಧ ಮಾಡುತ್ತ, ಸುಮಾರು 14 ಸುತ್ತಿನಲ್ಲಿ ಒಂದೇ ಒಂದು ಕಮಿಟ್‌ಗೆ ಬಂದು ನಿಲ್ಲುತ್ತಾರೆ. ಅಷ್ಟು ಸಲ ಕರ್ನಲ್ ಕಟ್ಟಿ, ಅಷ್ಟು ಸಲ ರೀಬೂಟ್ ಮಾಡಿ ದಣಿದವರಿಗೆ ಕೊನೆಗೆ ಸಿಗುವುದು ನಿನ್ನ ಮೆಸೇಜ್. ಮತ್ತೆ, ಹಳೆಯ ಕರ್ನಲ್‌ಗಳಿಗೆ ಯಾವ ಪ್ಯಾಚ್ ಹಿಂದಕ್ಕೆ ಒಯ್ಯಬೇಕೆಂದು ಆರಿಸುವ ಸ್ಟೇಬಲ್ ತಂಡದವರು ಓದುತ್ತಾರೆ. ನಮ್ಮೂರಿನವರ ಕೈಯಲ್ಲಿರುವ ಫೋನುಗಳಲ್ಲಿ ಓಡುವುದು ಬಹುಪಾಲು ಅಂಥ ಹಳೆಯ ಕರ್ನಲ್‌ಗಳೇ. 2024ರ ಫೆಬ್ರವರಿಯಿಂದ ಇನ್ನೊಂದು ಓದುಗರ ಗುಂಪು ಸೇರಿದೆ. ಭದ್ರತಾ ದೋಷಗಳಿಗೆ ಕೊಡುವ ಸಿವಿಇ ಸಂಖ್ಯೆಯನ್ನು ಕರ್ನಲ್ ತಂಡ ತಾನೇ ಕೊಡತೊಡಗಿತು. ಆ ಪ್ರಕಟಣೆಯಲ್ಲಿ ದೋಷದ ವಿವರಣೆ ಎಂದು ಅಚ್ಚಾಗುವುದು ಸಾಮಾನ್ಯವಾಗಿ ಕಮಿಟ್ ಮೆಸೇಜೇ. ಬ್ಯಾಂಕಿನ, ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವವರು ಇದು ತಮಗೆ ತಾಗುತ್ತದೋ ಇಲ್ಲವೋ ಎಂದು ಅದನ್ನು ಓದಿ ತೀರ್ಮಾನಿಸುತ್ತಾರೆ. ಹಳಿಯಾಳದ ಹುಡುಗಿ ಬರೆದ ಒಂದು ಪ್ಯಾರಾ ಅಷ್ಟು ದೂರ ಹೋಗಬಲ್ಲದು.

ಈಗ ನೀನು ಬಾಯಿ ಬಿಟ್ಟು ಹೇಳದ ಮಾತಿಗೆ ಬರುತ್ತೇನೆ. "ನಂದು ಕನ್ನಡ ಮೀಡಿಯಂ, ನನ್ನ ಇಂಗ್ಲಿಷ್ ಕಚ್ಚಾ" ಎಂಬ ಅಳುಕು ನಿನಗಿದೆ. ನಿನಗೊಬ್ಬಳಿಗೇ ಅಲ್ಲ, ಈ ಭಾಗದ ಬಹಳ ಮಕ್ಕಳಿಗಿದೆ. ಆ ಅಳುಕಿನಿಂದಲೇ ಮೆಸೇಜ್ ಒಂದೇ ಸಾಲಿಗೆ ಮುಗಿಯುತ್ತದೆ: ಕಡಿಮೆ ಬರೆದರೆ ಕಡಿಮೆ ತಪ್ಪು ಎಂಬ ಲೆಕ್ಕ. ಈ ಲೆಕ್ಕ ಬಿಡು. ರಿವ್ಯೂ ಮಾಡುವವರಲ್ಲಿ ಜರ್ಮನ್, ಜಪಾನಿ, ಚೀನೀ, ಪೋಲಿಷ್ ಮನೆಮಾತಿನವರು ತುಂಬಾ ಇದ್ದಾರೆ. ಅವರಿಗೂ ಇಂಗ್ಲಿಷ್ ಕಲಿತ ಭಾಷೆಯೇ. ವ್ಯಾಕರಣದ ಸಣ್ಣ ತಪ್ಪಿಗೆ ಯಾರೂ ಪ್ಯಾಚ್ ತಿರಸ್ಕರಿಸುವುದಿಲ್ಲ, ಒಪ್ಪಿಕೊಳ್ಳುವಾಗ ತಾವೇ ತಿದ್ದಿಕೊಳ್ಳುವ ಮೇಂಟೇನರ್‌ಗಳೂ ಇದ್ದಾರೆ. ಇಲ್ಲದ ಕಾರಣವನ್ನು ಮಾತ್ರ ಅವರು ಹುಟ್ಟಿಸಲಾರರು.

ನಮ್ಮ ಕಡೆಯ ಮಕ್ಕಳಿಗೆ ಈ ವಿಷಯದಲ್ಲಿ ಒಂದು ಬಲವಿದೆ, ಅದನ್ನು ಅವರು ಬಲವೆಂದು ಎಣಿಸುವುದೇ ಇಲ್ಲ. ಜೋಯಿಡಾದ ಕುಣಬಿ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಹಳಿಯಾಳದ ಪೇಟೆಯಲ್ಲಿ ಮರಾಠಿ, ಉರ್ದು ಎರಡೂ ಬೇಕು. ಸಿದ್ದಿ ಮಕ್ಕಳು ಮನೆಯ ಮಾತು ಬೇರೆ, ಊರಿನ ಮಾತು ಬೇರೆ ಎಂದೇ ಬೆಳೆಯುತ್ತಾರೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ಕ್ಯಾಂಪುಗಳಿವೆ. ಅಲ್ಲಿಯ ಅಂಗಡಿಕಾರರ ಜೊತೆ ವ್ಯವಹರಿಸುತ್ತ ಬೆಳೆದ ಹುಡುಗನಿಗೆ ತನ್ನ ಮಾತು ಎದುರಿನವರಿಗೆ ಎಷ್ಟು ತಿಳಿಯಿತು ಎಂದು ಮುಖ ನೋಡಿಯೇ ಗೊತ್ತಾಗುತ್ತದೆ. ಎದುರಿನವನಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಅಳೆದು ಮಾತಾಡುವುದು ನಿಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಒಂದೇ ಭಾಷೆಯಲ್ಲಿ ಬೆಳೆದವರು ಇದನ್ನು ಕಷ್ಟಪಟ್ಟು ಕಲಿಯಬೇಕು. ಕಮಿಟ್ ಮೆಸೇಜಿಗೆ ಬೇಕಾದ ಕೌಶಲ ಇದೇ.

ಆದ್ದರಿಂದ ಹೀಗೆ ಮಾಡು. ಕೀಬೋರ್ಡ್ ಮುಟ್ಟುವ ಮೊದಲು, ಆಗಿದ್ದನ್ನು ಪಕ್ಕದ ಗೆಳತಿಗೆ ಕನ್ನಡದಲ್ಲಿ ಹೇಳು, ಕೊಂಕಣಿಯಾದರೆ ಕೊಂಕಣಿಯಲ್ಲಿ. ಬೇರೆ ಡ್ರೈವರ್ ಮೇಲೆ ಕೆಲಸ ಮಾಡುವವಳಾದರೆ ಇನ್ನೂ ಒಳ್ಳೆಯದು. "ಹಿಂಗ ಆಗ್ತಿತ್ತು, ಅದರಿಂದ ಇಂಥಾ ತ್ರಾಸು, ಕಾರಣ ಇದು, ಅದಕ್ಕ ಹಿಂಗ ಮಾಡಿದೆ" ಎಂದು ನೀನು ಹೇಳುವ ಕ್ರಮವೇ ಮೆಸೇಜಿನ ಕ್ರಮ. ಅವಳು "ಯಾಕ?" ಎಂದು ಕೇಳಿದ ಕಡೆಯಲ್ಲೆಲ್ಲ ಒಂದು ವಾಕ್ಯ ಕಡಿಮೆಯಾಗಿದೆ ಎಂದು ತಿಳಿ. ಆಮೇಲೆ ಅದನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಇಳಿಸು. ಒಂದು ವಾಕ್ಯಕ್ಕೆ ಒಂದೇ ಸಂಗತಿ. ಕೋಡ್ ಈಗ ಏನು ಮಾಡುತ್ತಿದೆ ಎಂಬುದನ್ನು ವರ್ತಮಾನ ಕಾಲದಲ್ಲಿ ಬರೆ. ನಿನ್ನ ಬದಲಾವಣೆಯನ್ನು "ಆಫ್ ಮಾಡು", "ತೆಗೆದುಹಾಕು" ಎಂದು ಕೋಡಿಗೇ ಅಪ್ಪಣೆ ಕೊಡುವ ರೂಪದಲ್ಲಿ ಬರೆ. ಕರ್ನಲ್‌ನವರು ಕೇಳುವುದೂ ಇದನ್ನೇ.

ಅರ್ಜಿಯ ಭಾಷೆ ಮಾತ್ರ ಬೇಡ. ತಹಶೀಲ್ದಾರ್ ಕಚೇರಿಗೆ ಬರೆಯುವ "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಸೂಕ್ತ ಕ್ರಮ ಕೈಗೊಳ್ಳಲಾಗಿದೆ" ಎಂಬ ಧಾಟಿ ನಮ್ಮವರ ಇಂಗ್ಲಿಷಿಗೂ ಅಂಟಿಕೊಂಡಿದೆ. ಏನು ಕ್ರಮ, ಯಾರು ಕೈಗೊಂಡರು ಎರಡೂ ಅದರಲ್ಲಿ ಅಡಗಿಹೋಗುತ್ತವೆ. ಯಾವ ಫಂಕ್ಷನ್, ಯಾವ ರಿಜಿಸ್ಟರ್, ಯಾವ ಹೊತ್ತಿನಲ್ಲಿ ಎಂದು ಹೆಸರು ಹಿಡಿದು ಹೇಳು. "ಸರಿಯಾಗಿ ನಿಭಾಯಿಸು", "ಸುಧಾರಿಸು", "ಕೆಲವು ಸಂದರ್ಭಗಳಲ್ಲಿ", "ಕ್ಲೀನಪ್" ಇಂಥ ಮಾತುಗಳು ನಿನ್ನ ಮೆಸೇಜಿನಲ್ಲಿ ಕಂಡರೆ ನಿಂತು ನೋಡು. "ಕೆಲವು ಸಂದರ್ಭ" ಎಂದರೆ ಯಾವ ಸಂದರ್ಭ ಎಂದು ನಿನಗೆ ಗೊತ್ತಿದ್ದರೆ ಅದನ್ನೇ ಬರೆ. ಗೊತ್ತಿಲ್ಲದಿದ್ದರೆ ಹುಡುಕುವ ಕೆಲಸ ಇನ್ನೂ ಬಾಕಿ ಇದೆ. ವೇಗ ಹೆಚ್ಚಿತು ಎಂದು ಬರೆದರೆ ಎಷ್ಟು ಎಂದು ಅಂಕಿಯಲ್ಲಿ ಬರೆ, ಯಾವ ಬೋರ್ಡಿನಲ್ಲಿ ಅಳೆದೆ ಎಂದೂ ಬರೆ.

ಹೊರಗಿನ ಆಕಾರದ ನಿಯಮಗಳನ್ನು ನಾನು ಉದ್ದಕ್ಕೆ ಹೇಳುವುದಿಲ್ಲ, ಕರ್ನಲ್‌ನ ಜೊತೆಗೇ ಬರುವ ದಾಖಲೆಗಳಲ್ಲಿವೆ, ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ಕೆಲವನ್ನು ತಾನೇ ಹಿಡಿದುಕೊಡುತ್ತದೆ. ಮೊದಲ ಸಾಲು 70ರಿಂದ 75 ಅಕ್ಷರದೊಳಗೆ, ಅದರ ಆರಂಭದಲ್ಲಿ ಯಾವ ಸಬ್‌ಸಿಸ್ಟಮ್, ಯಾವ ಡ್ರೈವರ್ ಎಂಬ ಹೆಸರು. ಯಾವ ಹಳೆಯ ಕಮಿಟ್‌ನಿಂದ ತಪ್ಪು ಶುರುವಾಯಿತೋ ಅದರ ಗುರುತಿನ ಮೊದಲ 12 ಅಕ್ಷರ "ಫಿಕ್ಸಸ್" ಸಾಲಿನಲ್ಲಿ. ಎರಡನೆಯ ಆವೃತ್ತಿಯಲ್ಲಿ ಏನು ಬದಲಿಸಿದೆ ಎಂಬುದು ಮೂರು ಗೀಟುಗಳ ಕೆಳಗೆ ಹೋಗಬೇಕು, ಅದು ಚರಿತ್ರೆಯಲ್ಲಿ ಉಳಿಯಬೇಕಾದ್ದಲ್ಲ. ಮೆಸೇಜ್ ಬರೆಯುವಾಗ "ಇದರ ಜೊತೆಗೆ" ಎಂಬ ಮಾತು ಬಂತೆಂದರೆ ಬಹುತೇಕ ಎರಡು ಪ್ಯಾಚ್ ಒಂದರಲ್ಲಿ ಸೇರಿವೆ, ಬೇರೆ ಮಾಡು.

ಕೆಳಗಿನ "ಸೈನ್ಡ್-ಆಫ್-ಬೈ" ಸಾಲಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಅದು ಅಲಂಕಾರದ ಸಹಿ ಅಲ್ಲ. ಲಿನಕ್ಸ್ ಕೋಡಿನ ಒಡೆತನದ ಮೇಲೆ ಕೋರ್ಟು ಕಟ್ಟಳೆ ನಡೆಯುತ್ತಿದ್ದಾಗ, 2004ರಲ್ಲಿ ಬಂದ ಪದ್ಧತಿ ಅದು. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ನೀನು ಹೇಳುವ ಪ್ರಮಾಣ. ಬೇರೆಯವರು ಬರೆದುಕೊಟ್ಟದ್ದಕ್ಕೆ ನಿನ್ನೊಬ್ಬಳ ಹೆಸರು ಹಾಕಬೇಡ. ತಪ್ಪು ಕಂಡು ಹೇಳಿದವರಿದ್ದರೆ "ರಿಪೋರ್ಟೆಡ್-ಬೈ" ಎಂದು ಅವರ ಹೆಸರು ಹಾಕು. ಕಾಡಿನ ಪೆಟ್ಟಿಗೆಯ ಬ್ಯಾಟರಿ ಬದಲಿಸುತ್ತ ಓಡಾಡಿ ತೊಂದರೆ ತೋರಿಸಿದ ಟೆಕ್ನಿಷಿಯನ್ ಇದ್ದರೆ, ಅವನನ್ನು ಕೇಳಿ, ಅವನ ಹೆಸರೂ ಅಲ್ಲಿರಲಿ. ಹೆಸರಿನ ಕೊನೆಗೆ ಅಡ್ಡಹೆಸರಿಲ್ಲ ಎಂದು ಸಂಕೋಚಪಡುವ ಹುಡುಗರನ್ನು ಕಂಡಿದ್ದೇನೆ. ನಾಲ್ಕು ಜನರಿಗೆ ನೀನು ಯಾವ ಹೆಸರಿನಿಂದ ಗೊತ್ತೋ ಆ ಹೆಸರು ಸಾಕು, ಅನಾಮಧೇಯ ಮಾತ್ರ ನಡೆಯದು.

ಪರೀಕ್ಷೆಯ ಬಗ್ಗೆ ಪ್ರಾಮಾಣಿಕವಾಗಿರು. ಬೋರ್ಡಿನ ಮೇಲೆ ಓಡಿಸಿದ್ದರೆ ಯಾವ ಬೋರ್ಡು, ಎಷ್ಟು ಹೊತ್ತು ಎಂದು ಬರೆ. ಕಂಪೈಲ್ ಮಾತ್ರ ಮಾಡಿದ್ದರೆ "ಕಂಪೈಲ್ ಮಾತ್ರ ಮಾಡಿ ನೋಡಿದೆ" ಎಂದೇ ಬರೆ. ಅದರಲ್ಲಿ ನಾಚಿಕೆಯಿಲ್ಲ, ಎಲ್ಲರ ಬಳಿಯೂ ಎಲ್ಲ ಹಾರ್ಡ್‌ವೇರ್ ಇರುವುದಿಲ್ಲ. ಸ್ಮ್ಯಾಚ್ ಅಥವಾ ಕಾಕ್ಸಿನೆಲ್‌ನಂಥ ಕೋಡ್ ತಪಾಸಣೆಯ ಟೂಲ್ ತಪ್ಪು ತೋರಿಸಿದ್ದರೆ ಅದನ್ನೂ ಹೇಳು. ನಿಜವಾಗಿ ಆಗಿ ಹೋದ ತೊಂದರೆಗೂ ಆಗಬಹುದಾದ ತೊಂದರೆಗೂ ರಿವ್ಯೂ ಮಾಡುವವರು ಬೇರೆ ಬೇರೆ ತೂಕ ಕೊಡುತ್ತಾರೆ, ಕೊಡಲೇಬೇಕು.

ಈಗಿನ ಹುಡುಗರು ಡಿಫ್ ಅನ್ನು ಎಐಗೆ ಕೊಟ್ಟು ಮೆಸೇಜ್ ಬರೆಸುತ್ತಾರೆ. ನಾನು ಹಳೆಯ ಕಾಲದವನೆಂದು ಬೇಡ ಅನ್ನುತ್ತಿಲ್ಲ. ವ್ಯಾಕರಣ ತಿದ್ದಿಸಿಕೊಳ್ಳಲು ಬಳಸು, ಒಳ್ಳೆಯದೇ. ಆದರೆ ನೀನು ಹೇಳದಿದ್ದರೆ ಬ್ಯಾಟರಿ ಬರಿದಾದದ್ದು ಅದಕ್ಕೆ ತಿಳಿಯದು, 14 ಮಿಲಿಸೆಕೆಂಡ್ ಅಳೆದದ್ದೂ ತಿಳಿಯದು. ಡಿಫ್ ಒಂದನ್ನೇ ಕೊಟ್ಟರೆ ಅದನ್ನೇ ಉದ್ದ ಮಾಡಿ, ಗಂಭೀರ ಇಂಗ್ಲಿಷಿನಲ್ಲಿ ವಾಪಸು ಕೊಡುತ್ತದೆ. ಅನುಭವಿ ಮೇಂಟೇನರ್ ಎರಡು ಸಾಲಿನಲ್ಲೇ ಅದನ್ನು ಗುರುತಿಸುತ್ತಾರೆ, ಆಮೇಲೆ ನಿನ್ನ ಕೋಡಿನ ಮೇಲೂ ಅನುಮಾನ ಶುರು.

ರಿವ್ಯೂ ಮಾಡುವವರ ಮಾತು ಒರಟಾಗಿ ಕಂಡರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ದಿನಕ್ಕೆ ರಾಶಿ ಪ್ಯಾಚ್ ಓದುವವರು ಅವರು, ಅನೇಕರು ತಮ್ಮ ಬಿಡುವಿನಲ್ಲಿ ಓದುತ್ತಾರೆ. "ವೈ?" ಎಂದು ಒಂದೇ ಪದದ ಉತ್ತರ ಬಂದರೆ ಅದು ಬೈಗುಳವಲ್ಲ, ನಿಜವಾಗಿಯೂ ಕೇಳುತ್ತಿದ್ದಾರೆ. ಅವರಿಗೆ ಮೇಲ್‌ನಲ್ಲಿ ವಿವರಿಸಿ ಸುಮ್ಮನಾಗಬೇಡ, ಆ ವಿವರಣೆಯನ್ನು ಮುಂದಿನ ಆವೃತ್ತಿಯ ಮೆಸೇಜಿನಲ್ಲಿ ಸೇರಿಸು. ಒಬ್ಬರಿಗೆ ಬಂದ ಅನುಮಾನ ಮುಂದೆ ಓದುವವರಿಗೂ ಬಂದೇ ಬರುತ್ತದೆ. ಅವರ ಸಲಹೆ ತಪ್ಪೆನಿಸಿದರೆ ಕಾರಣ ಕೊಟ್ಟು ವಿನಯದಿಂದ ಹೇಳು. ಹೆದರಿ ಒಪ್ಪಿಕೊಂಡ ಪ್ಯಾಚ್ ಯಾರಿಗೂ ಬೇಡ.

ಮುಂದಿನ ಸಲ ಊರಿಗೆ ಬಂದಾಗ ಲ್ಯಾಪ್‌ಟಾಪ್ ತಗೊಂಡು ಬಾ, ನಿನ್ನ ಜೊತೆಯವರನ್ನೂ ಕರಕೊಂಡು ಬಾ. ಅಷ್ಟರೊಳಗೆ ಒಂದು ಕೆಲಸ ಮಾಡಿಡಿ: ನೀವು ಕೆಲಸ ಮಾಡುವ ಡ್ರೈವರ್ ಫೈಲಿನ ಗಿಟ್ ಲಾಗ್ ತೆಗೆದು, ಕೋಡ್ ನೋಡದೆ ಮೆಸೇಜ್‌ಗಳನ್ನು ಮಾತ್ರ ಓದಿ. ಯಾವುದು ಓದಿದರೆ ಆ ಚಿಪ್ಪಿನ ಕಥೆ ತಿಳಿಯುತ್ತದೆ, ಯಾವುದು ಓದಿದರೆ ಏನೂ ತಿಳಿಯುವುದಿಲ್ಲ ಎಂದು ಗುರುತು ಹಾಕಿಡಿ. ಕೂತು ಮಾತಾಡೋಣ. ವಾಪಸು ಬಂದ ನಿನ್ನ ಪ್ಯಾಚಿನ ಹೊಸ ಮೆಸೇಜನ್ನು ಮಾತ್ರ ಅಲ್ಲಿಯವರೆಗೆ ಕಾಯಿಸಬೇಡ, ಈ ರಾತ್ರಿಯೇ ಬರೆದು ಕಳಿಸು.